ಎಡಗಡೆಯ ತೂತುಪಟ್ಟಿ

ಜನವರಿ ೬

ಅಪ್ಪ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಶೆಡ್ಡಿನ ಸಾಹೇಬರು ಕೊಟ್ಟ ಮಾತು, ಅವರು ಮಾಡಿದ ಕೆಲಸ.

ವಿಚಾರಣೆ ಮುಗಿಯುವವರೆಗೆ ಆ ವ್ಯಾಗನ್ನನ್ನು ಯಾರೂ ಮುಟ್ಟುವುದಿಲ್ಲ ಅಂದಿದ್ದರು. ಒಂಬತ್ತನೇ ದಿನ ಗ್ಯಾಸ್ ಕಟರ್ ಹಿಡಿದು ತುಂಡು ತುಂಡು ಮಾಡಿ ಗುಜರಿಗೆ ಹಾಕಿದರು. ಕಣ್ಣಾರೆ ಕಂಡವರನ್ನೆಲ್ಲ ಕರೆದು ಕೇಳುತ್ತೇವೆ ಅಂದಿದ್ದರು. ನಿನ್ನ ಅಳಿಯನ ಜೊತೆಗೆ ಕೆಲಸ ಮಾಡುತ್ತಿದ್ದ ಕುಳ್ಳನನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಹೊರಗಿನ ಬೆಂಚಿನ ಮೇಲೆ ಕೂರಿಸಿ, ಹೊತ್ತಾಯಿತು ಹೋಗು ಅಂದರು. ದೂರಿನ ಪುಸ್ತಕ ತೋರಿಸುತ್ತೇವೆ ಅಂದಿದ್ದರು. ನಿನ್ನ ಅಳಿಯ ಕೈಯಾರೆ ಮೂರು ಸಲ ದೂರು ಬರೆದ ಆ ಪುಸ್ತಕಕ್ಕೆ ಗೆದ್ದಲು ಹಿಡಿಯಿತಂತೆ. ಶೆಡ್ಡಿನ ಬೇರೆ ಯಾವ ಪುಸ್ತಕವನ್ನೂ ಮೂಸದ ಗೆದ್ದಲು ಅದೊಂದನ್ನೇ ಆರಿಸಿ ತಿಂದಿದೆ. ಓದುಬರಹ ಬಲ್ಲ ಗೆದ್ದಲು. ವರದಿಯ ಪ್ರತಿ ಕೊಡುತ್ತೇವೆ ಅಂದಿದ್ದರು. ಪ್ರತಿ ಇಲ್ಲ, ನೋಟಿಸ್ ಬೋರ್ಡಿನಲ್ಲಿ ಎರಡು ಸಾಲು ಇದೆ. 'ಶಂಟಿಂಗ್ ಕೆಲಸಗಾರನು ಬ್ರೇಕಿನ ಹಿಡಿಯನ್ನು ಒತ್ತಿ ಪಿನ್ ಹಾಕಲು ಮರೆತನು. ಸಾವು ಸ್ವಂತ ನಿರ್ಲಕ್ಷ್ಯದಿಂದ ಸಂಭವಿಸಿದೆ.'

ಹದಿನಾಲ್ಕು ವರ್ಷ ವ್ಯಾಗನ್ ಕೂಡಿಸಿ ಬಿಡಿಸಿದ ಮನುಷ್ಯ. ಮನೆ ಬಾಗಿಲಿಗೆ ಚಿಲಕ ಹಾಕಿದ ಮೇಲೂ ಎರಡು ಸಲ ಎಳೆದು ನೋಡುತ್ತಿದ್ದವನು. ಅವನು ಮರೆತನಂತೆ. ನನ್ನ ಗಂಡನನ್ನು ಒಂದು ಸಲ ವ್ಯಾಗನ್ ಕೊಂದಿತು. ಆ ಎರಡು ಸಾಲು ಗೇಟಿನೊಳಗೆ ಹೋಗುವವರು ಬರುವವರ ಕಣ್ಣೆದುರು ದಿನಾ ಕೊಲ್ಲುತ್ತಿದೆ. ನನಗೆ ಅದು ಬೋರ್ಡಿನಿಂದ ಕೆಳಗಿಳಿಯಬೇಕು. ಬೇರೇನೂ ಬೇಡ.

ನೀನು ಬೆರಳುದ್ದದ ಬಂಡಿ ಮಾಡುತ್ತ ದೊಡ್ಡ ಬಂಡಿಯನ್ನು ಮರೆತಿರಬಹುದು, ಅದಕ್ಕೆ ನೆನಪಿಸುತ್ತೇನೆ. ವ್ಯಾಗನ್ನಿನ ಎರಡೂ ಬದಿಗೆ ಬ್ರೇಕಿನ ಉದ್ದ ಹಿಡಿ ಇರುತ್ತದೆ. ಅದನ್ನು ಕೆಳಕ್ಕೆ ಒತ್ತಿ, ಮತ್ತೆ ಮೇಲೇಳದಂತೆ ಪಕ್ಕದ ತೂತುಪಟ್ಟಿಗೆ ಪಿನ್ ಸಿಕ್ಕಿಸಬೇಕು. ಆ ವ್ಯಾಗನ್ನಿಗೆ ಎಡಗಡೆ ತೂತುಪಟ್ಟಿಯೇ ಇರಲಿಲ್ಲ. ಪಿನ್ನನ್ನು ಎಲ್ಲಿ ಸಿಕ್ಕಿಸಬೇಕಿತ್ತು, ಸಾಹೇಬನ ಮೂಗಿಗೋ? ಬಲಗಡೆ ಗೋಡೆ, ಇಲಿಯೂ ನುಸುಳುವಷ್ಟು ಜಾಗವಿಲ್ಲ. ಅವನು ಎಡಗಡೆಯ ಹಿಡಿ ಒತ್ತಿದ, ಮುಂದಿನ ವ್ಯಾಗನ್ ಕೂಡಿಸಲು ನಡುವೆ ಇಳಿದ. ಹಿಡಿ ತಾನಾಗಿ ಮೇಲೆದ್ದಿತು. ಹಳಿಗೆ ಅಲ್ಲಿರುವ ಅಷ್ಟು ಇಳಿಜಾರೇ ಸಾಕಾಯಿತು, ವ್ಯಾಗನ್ ಉರುಳಿತು. ಮಟಮಟ ಮಧ್ಯಾಹ್ನ, ಇಪ್ಪತ್ತು ಜನರ ಎದುರಿಗೆ.

ಹೋದ ಬೇಸಿಗೆಯಲ್ಲಿ ನೀನು ಬಂದಾಗ ಆ ವ್ಯಾಗನ್ನಿನ ಕೆಳಗೆ ಎರಡು ದಿನ ಮಲಗಿ ಅಳತೆ ತೆಗೆದುಕೊಂಡೆ. ಟೇಪಿನ ಇನ್ನೊಂದು ತುದಿ ಹಿಡಿದವನು ಅವನೇ. ಆಮೇಲೆ ಅದರ ಆಟಿಕೆ ಮಾಡಿದ್ದೀಯ. ಗುಜರಿಗೆ ಹೋದ ವ್ಯಾಗನ್ನಿನ ಗುರುತು ಈ ಭೂಮಿಯ ಮೇಲೆ ಉಳಿದಿರುವುದು ಅದೊಂದೇ. ಕಾರ್ಮಿಕ ಸಂಘದವರ ಜೊತೆ ಸೇರಿ ಮೇಲಿನ ಕಚೇರಿಗೆ ಮರುವಿಚಾರಣೆಯ ಅರ್ಜಿ ಹಾಕಿದ್ದೇವೆ. ಅಳತೆ ಪುಸ್ತಕ, ಆಟಿಕೆ ಎರಡನ್ನೂ ಕಳಿಸು.

ವಿಚಾರಣೆ ಮಾಡಿದ ನಮ್ಮ ಶೆಡ್ಡಿನ ಸಾಹೇಬ ಬಿಳಿಗವಸು ನಿನ್ನ ಕ್ಲಬ್ಬಿನ ಅಧ್ಯಕ್ಷ ಅನ್ನುವುದು ನನಗೆ ಗೊತ್ತು. ಕ್ಲಬ್ಬಿನಲ್ಲಿ ಆಟಿಕೆ ರೈಲು ಮುಟ್ಟಲು ಬಿಳಿ ಕೈಗವಸು ಹಾಕಿಕೊಳ್ಳುತ್ತಾನಂತಲ್ಲ, ಅದಕ್ಕೇ ಶೆಡ್ಡಿನಲ್ಲಿ ಆ ಹೆಸರು. ನಿಜವಾದ ವ್ಯಾಗನ್ನನ್ನು ಅವನು ಬರಿಗೈಯಲ್ಲಾಗಲಿ ಗವಸಿನಲ್ಲಾಗಲಿ ಮುಟ್ಟಿದ್ದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ.

ನಿನ್ನ ಮಗಳು


ಜನವರಿ ೨೦

ಮಗಳೇ,

ಆಟಿಕೆ ಅಲ್ಲ, ಮಾದರಿ. ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದವನ ಮಗಳಿಗೆ, ಅದೇ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವವಳಿಗೆ, ಇಷ್ಟು ವ್ಯತ್ಯಾಸ ಗೊತ್ತಿರಬೇಕು.

ಎಣ್ಣೆ ಡಬ್ಬಿಯ ತಗಡು ತಟ್ಟಿ ಚಪ್ಪಟೆ ಮಾಡಿ, ನಿಜದ ಅಳತೆಯನ್ನು ಎಂಬತ್ತೇಳರಿಂದ ಭಾಗಿಸಿ, ಒಂದೊಂದು ಪಕ್ಕೆಯನ್ನೂ ನಾನೇ ಕತ್ತರಿಸುತ್ತೇನೆ. ಆ ವ್ಯಾಗನ್ನಿಗೆ ನಾನೂರ ಹನ್ನೆರಡು ರಿವೆಟ್. ಒಂದೊಂದನ್ನೂ ಮೊಂಡು ಸೂಜಿಯಿಂದ ತಗಡಿನ ಹಿಂದಿನಿಂದ ಒತ್ತಬೇಕು. ಒಂದು ಸಾಲು ಕೂದಲೆಳೆಯಷ್ಟು ಸೊಟ್ಟಗಾದರೂ ಇಡೀ ಪಕ್ಕೆ ತೊಟ್ಟಿಗೆ. ಇಲ್ಲಿನ ಸದಸ್ಯರು ಹಾಗಲ್ಲ. ಅಂಗಡಿಯಿಂದ ಪೆಟ್ಟಿಗೆ ತರುತ್ತಾರೆ, ಒಳಗಿರುವ ಪ್ಲಾಸ್ಟಿಕ್ ಚೂರುಗಳಿಗೆ ಅಂಟು ಹಚ್ಚುತ್ತಾರೆ, ಮಧ್ಯಾಹ್ನದ ಊಟದ ಹೊತ್ತಿಗೆ 'ನಾನು ಕಟ್ಟಿದೆ' ಅನ್ನುತ್ತಾರೆ. ಒಬ್ಬರು ಹಲ್ಲಿನ ಡಾಕ್ಟರು ಮೊನ್ನೆ ಬ್ರೇಕಿನ ಸರಳನ್ನು ತಲೆಕೆಳಗಾಗಿ ಅಂಟಿಸಿ ತಂದು ಎಲ್ಲರಿಗೂ ತೋರಿಸಿದರು. ಎಲ್ಲರೂ ಭೇಷ್ ಅಂದರು. ಜನರ ಬಾಯಲ್ಲಿ ಹಲ್ಲನ್ನೂ ಹೀಗೆಯೇ ಕೂರಿಸುತ್ತಾರೋ ಏನೋ. ಅಂಥವರ ನಡುವೆ ಕೂತು ನಾನು ಕೆಲಸ ಮಾಡುತ್ತೇನೆ. ಪ್ರದರ್ಶನದ ಹಾಲಿನ ಹಿಂದಿನ ಕೋಣೆ, ಒಂದು ಕಿಟಕಿ, ಮಲಗಲು ನನ್ನ ಚಾಪೆ, ನನ್ನ ಬೆಂಚು, ತಗಡು ಉಜ್ಜುವ ನನ್ನ ಅರಗಳು. ಯಾರ ಹಂಗೂ ಇಲ್ಲ ಅಂದುಕೊಂಡಿದ್ದೇನೆ. ಕೋಣೆ ಕ್ಲಬ್ಬಿನದು ಅನ್ನುವುದನ್ನು ನೀನು ಎತ್ತಿ ಆಡುವ ಮೊದಲೇ ನಾನೇ ಬರೆದಿದ್ದೇನೆ.

ಘೋಷಣೆ ಕೂಗುವುದು ಸುಲಭ. ಅರ ಹಿಡಿದು ಕೂರುವುದು ಕಷ್ಟ. ನಿಮ್ಮ ಸಂಘದವರು ಯಾವತ್ತಾದರೂ ಒಂದು ಕೆಲಸವನ್ನು ಪೂರ್ತಿ ಮುಗಿಸಿದ್ದು ನನಗೆ ನೆನಪಿಲ್ಲ.

ಅಳತೆ ಪುಸ್ತಕ ಸಿಕ್ಕಿಲ್ಲ, ಹುಡುಕುತ್ತೇನೆ. ಮಾದರಿ ಹಾಲಿನ ಗಾಜಿನ ಬೀರುವಿನಲ್ಲಿದೆ. ಬೀಗದಕೈ ಸಾಹೇಬರ ಹತ್ತಿರ.

ಒಂದು ಮಾತು. ಆ ಮಾದರಿಯನ್ನು ಸಾಕ್ಷಿಗೆ ಎಳೆಯಬೇಡ. ಕುಳ್ಳನನ್ನು ಕರೆ, ಬೇರೆ ಯಾರನ್ನಾದರೂ ಕರೆ. ಅದು ಬೇಡ.

ಅಳಿಯನ ಬಗ್ಗೆ ಬರೆಯಬೇಕೆಂದು ಈ ಹಾಳೆಯ ಕೆಳಗೆ ಜಾಗ ಬಿಟ್ಟಿದ್ದೆ. ಬರೆಯಲಾಗಲಿಲ್ಲ.

ಅಪ್ಪ


ಫೆಬ್ರವರಿ ೨೪

ನಿವೃತ್ತ ಫಿಟ್ಟರ್ ಅವರಿಗೆ,

ನಮಸ್ಕಾರ. ಮೊನ್ನೆ ಮರುವಿಚಾರಣೆ ನಡೆಯಿತು. ನೀವು ಬರಲಿಲ್ಲ. ನಿಮ್ಮ ಕೆಲಸ ಬಂದಿತ್ತು.

ನೀವು ಬೇಡ ಅಂದದ್ದನ್ನು ನಾನು ಹೇಡಿತನ ಅಂದುಕೊಂಡೆ. ಸಾಹೇಬನ ಕೋಣೆಯಲ್ಲಿ ಇರುವವರು, ಸಾಹೇಬನಿಗೆ ಹೆದರುತ್ತಾರೆ, ಇರಲಿ ಅಂದುಕೊಂಡು, ಹಾಕಿದ್ದ ಅರ್ಜಿಗೆ ನಾನೇ ಇನ್ನೊಂದು ಹಾಳೆ ಸೇರಿಸಿ ಬರೆದೆ: 'ನನ್ನ ತಂದೆ ಆ ವ್ಯಾಗನ್ನನ್ನು ಖುದ್ದು ಅಳೆದು ಮಾದರಿ ಮಾಡಿದ್ದಾರೆ. ಇಲ್ಲದ ಒಂದು ರಿವೆಟ್ಟನ್ನೂ ಅವರು ಹಾಕುವವರಲ್ಲ. ಆ ಮಾದರಿಯನ್ನು ತರಿಸಿ ನೋಡಬೇಕು.' ತರಿಸಿದರು. ಬೇರೆ ಯಾವುದನ್ನು ಕೇಳಿದರೂ ಸಿಗದ ಕಚೇರಿಯಲ್ಲಿ ಇದೊಂದು ಕೇಳಿದ ತಕ್ಷಣ ಸಿಕ್ಕಿದಾಗಲೇ ನನಗೆ ಗೊತ್ತಾಗಬೇಕಿತ್ತು.

ಮೂವರ ಸಮಿತಿ ಮೇಜಿನ ಆಚೆ ಕೂತಿತ್ತು. ಬಿಳಿಗವಸು ಬಂದ. ಮರದ ಪೆಟ್ಟಿಗೆ ಇಟ್ಟ, ಗವಸು ಹಾಕಿಕೊಂಡ, ಹತ್ತಿಯ ನಡುವಿನಿಂದ ನಿಮ್ಮ ವ್ಯಾಗನ್ನನ್ನು ಎತ್ತಿ ಮೇಜಿನ ಮೇಲೆ ಇಟ್ಟ, ಹೆತ್ತ ಮಗುವನ್ನು ಇಡುವ ಹಾಗೆ. ನನ್ನ ಗಂಡನ ಹೆಣದ ಮೇಲೆ ಸನ್ನೆ ಮಾಡಿ ಟಾರ್ಪಾಲು ಎಳೆಸುವಾಗ ಅವನ ಕೈ ಇಷ್ಟು ಮೆತ್ತಗಿರಲಿಲ್ಲ.

"ಇದನ್ನ ತರಿಸಿ ಅಂದಿದ್ದು ನೀವೇ ಅಲ್ವೇನಮ್ಮಾ?" ಅಂದ.

ಹೌದು ಅಂದೆ.

"ಇಲ್ಲದ ರಿವೆಟ್ ಹಾಕೋರಲ್ಲ ನಿಮ್ಮ ತಂದೆ. ನಾನೂ ಒಪ್ತೀನಿ, ನಮ್ಮ ಕ್ಲಬ್ಬಿನ ಹೆಮ್ಮೆ ಅವರು. ಎಡಗಡೆ ನೋಡಿ ಹೇಳಿ. ಏನಿದೆ?"

ನೋಡಿದೆ. ತೂತುಪಟ್ಟಿ ಇತ್ತು. ಅಕ್ಕಿಕಾಳಿನಷ್ಟು ಉದ್ದದ ಪಟ್ಟಿ, ಅದರಲ್ಲಿ ಐದು ತೂತು, ಒಂದು ತೂತಿಗೆ ಸಿಕ್ಕಿಸಿದ ಪಿನ್ ಕೂಡ. ಸಮಿತಿಯವರು ಭೂತಗನ್ನಡಿಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಒಬ್ಬ, ತೂತಿನೊಳಗಿಂದ ಬೆಳಕು ಕಾಣುತ್ತೆ ಅಂದ. ಇನ್ನೊಬ್ಬ, ತುಕ್ಕಿನ ಬಣ್ಣ ಹೇಗೆ ಬಂತು ಅಂತ ಕೇಳಿದ. ಬಿಳಿಗವಸು, ಸೀಮೆಸುಣ್ಣದ ಪುಡಿಗೆ ಬಣ್ಣ ಬೆರೆಸಿ ಕುಂಚದಿಂದ ಉಜ್ಜುವುದನ್ನು ವಿವರಿಸಿದ. ಸತ್ತವನ ಬಗ್ಗೆ ತೀರ್ಮಾನ ಮಾಡಲು ಬಂದ ಮೂವರು ದೊಡ್ಡಮನುಷ್ಯರು ಕಾಲು ಗಂಟೆ ಗೊಂಬೆ ನೋಡುತ್ತ ಬಾಯಿ ಬಿಟ್ಟುಕೊಂಡು ಕೂತರು. ಆಮೇಲೆ ನನ್ನ ಕಡೆ ತಿರುಗಿ, ಇನ್ನೇನಾದರೂ ಹೇಳುವುದಿದೆಯಾ ಅಂದರು.

ನನ್ನ ಬಾಯನ್ನು ನನ್ನ ಅರ್ಜಿಯೇ ಮುಚ್ಚಿತ್ತು.

ಹೊರಗೆ ಕುಳ್ಳ ಹೇಳಿದ: "ಅಕ್ಕ, ಆ ಕಡೆ ಪಟ್ಟಿ ಇರ್ಲಿಲ್ಲ. ನನ್ನ ಮಕ್ಕಳಾಣೆ ಇರ್ಲಿಲ್ಲ. ನಿಮ್ಮಪ್ಪ ಕಣ್ಣು ಮುಚ್ಕೊಂಡು ಕೆಲಸ ಮಾಡೋರಲ್ಲ. ಇದನ್ನ ಕಣ್ಣು ಬಿಟ್ಕೊಂಡೇ ಮಾಡಿದಾರೆ."

ಎರಡು ಸಾಲು ಬೋರ್ಡಿನಲ್ಲೇ ಇದೆ. ಈಗ ಅದರ ಕೆಳಗೆ ಮೂರನೆಯದು ಸೇರಿದೆ: 'ಮರುಪರಿಶೀಲನೆಯಲ್ಲೂ ದೃಢಪಟ್ಟಿದೆ.' ನಿಮ್ಮ ಕೈಗುಣ.

ವೆಲ್ಡಿಂಗ್ ವಿಭಾಗದ ಕೆಲಸದವಳು


ಮಾರ್ಚ್ ೧೬

ಇಪ್ಪತ್ತು ದಿನವಾಯಿತು. ಉತ್ತರವಿಲ್ಲ. ನಾನೂರ ಹನ್ನೆರಡು ರಿವೆಟ್ ಒತ್ತಿದ ಕೈಗೆ ನಾಲ್ಕು ಸಾಲು ಬರೆಯಲು ಶಕ್ತಿ ಇಲ್ಲವೆಂದು ಕಾಣುತ್ತದೆ. ಕಾರ್ಡು ಸಾಕು, ಸಾಹೇಬನ ಅಪ್ಪಣೆ ಪಡೆದಾದರೂ ಬರೆಯಿರಿ.


ಮಾರ್ಚ್ ೨೯

ಮಗಳೇ,

ನನಗೆ ನೀವು ಅಂತ ಬರೆದಿದ್ದೀಯ. ಬರೆ. ಇದನ್ನು ಓದಿದ ಮೇಲೆ ಅದಕ್ಕಿಂತ ದೂರದ ಮಾತೂ ಸಿಕ್ಕೀತು.

ಅಳತೆ ಪುಸ್ತಕ ಕಳೆದಿರಲಿಲ್ಲ. ಮೊದಲ ದಿನದಿಂದ ನನ್ನ ದಿಂಬಿನ ಕೆಳಗೇ ಇದೆ. ಅದರಲ್ಲಿ ಆ ವ್ಯಾಗನ್ನಿನ ಪುಟದಲ್ಲಿ ನನ್ನ ಅಕ್ಷರದಲ್ಲಿ 'ಎಡಗಡೆ ತೂತುಪಟ್ಟಿ ಇಲ್ಲ' ಅಂತ ಇದೆ. ಬರೆದುಕೊಳ್ಳಿ ಅಂದವನು ಅಳಿಯನೇ. ಟೇಪು ಸುತ್ತುತ್ತ ಅಂದ: "ಮಾವ, ಇದೊಂದನ್ನ ನಾವು ಮೂರು ಸಲ ಬರ್ದು ಕೊಟ್ಟಿದೀವಿ. ನಿಮ್ಮ ಸಾಹೇಬ್ರು ಕ್ಲಬ್ಬಿಗೆ ಬರ್ತಾರಲ್ಲ, ಅವರಿಗೆ ಮೆತ್ತಗೆ ಒಂದು ಮಾತು ಹೇಳಿ. ನಮ್ಮ ಮಾತು ಕೇಳಲ್ಲ ಅವರು, ನಿಮ್ಮದು ಕೇಳ್ತಾರೆ." ಹೇಳ್ತೀನಿ ಅಂದೆ.

ಮಾದರಿಯನ್ನು ಇದ್ದದ್ದು ಇದ್ದ ಹಾಗೆ ಮಾಡಿದೆ. ಎಡಗಡೆ ಪಟ್ಟಿ ಹಾಕಲಿಲ್ಲ. ಯಾವುದೋ ಒಂದು ವ್ಯಾಗನ್ ಮಾಡುವವನು ನಾನಲ್ಲ. ಆ ನಂಬರಿನ, ಆ ದಿನದ ವ್ಯಾಗನ್ನನ್ನು ಮಾಡುತ್ತೇನೆ, ಗುಳಿ ಬಿದ್ದಿದ್ದರೆ ಗುಳಿ, ತೇಪೆ ಇದ್ದರೆ ತೇಪೆ. ಆಗಸ್ಟಿನಲ್ಲಿ ಕ್ಲಬ್ಬಿನ ಸ್ಪರ್ಧೆ, ಎರಡು ದಿನ. ತೀರ್ಪುಗಾರರು ಸಾಹೇಬರು. ನನ್ನ ವ್ಯಾಗನ್ನನ್ನು ತಿರುಗಿಸಿ ನೋಡಿ, ಎಡಗಡೆ ತೂತುಪಟ್ಟಿ ಮರೆತಿದ್ದೀರಿ ಮೇಸ್ತ್ರಿ ಅಂದರು. ನಾನು ಎಲ್ಲರೆದುರು ಹೇಳಿದೆ: ಸಾರ್, ನಿಜವಾದ ವ್ಯಾಗನ್ನಿನಲ್ಲೇ ಇಲ್ಲ, ನಿಮ್ಮ ಶೆಡ್ಡಿನಲ್ಲಿ ಓಡ್ತಾ ಇದೆ, ಹಾಕಿಸಬೇಕು. ಅಳಿಯನಿಗೆ ಕೊಟ್ಟ ಮಾತು ಉಳಿಸಿಕೊಂಡೆ ಅಂದುಕೊಂಡೆ.

ಅವರು ನಕ್ಕರು. "ನಿಜದ್ರಲ್ಲಿ ಇಲ್ದಿದ್ರೆ ಅದು ನಿಜದ ತಪ್ಪು ಮೇಸ್ತ್ರಿ. ಮಾದರೀಲಿ ಇರಬೇಕು."

ಹಾಲಿನಲ್ಲಿದ್ದವರೆಲ್ಲ ನಕ್ಕರು. ಹಲ್ಲಿನ ಡಾಕ್ಟರು ಎಲ್ಲರಿಗಿಂತ ಹೆಚ್ಚು ಹಲ್ಲು ತೋರಿಸಿದರು. ಸಾಹೇಬರು ಅಂಕಪಟ್ಟಿಯಲ್ಲಿ ಬರೆದರು. ಆ ಹಾಳೆ ನನ್ನ ಹತ್ತಿರ ಇದೆ, ನೋಡಿ ನಕಲು ಮಾಡುತ್ತಿದ್ದೇನೆ: 'ಎಡಬದಿಯ ತೂತುಪಟ್ಟಿ ಇಲ್ಲ. ಮೂಲ ವ್ಯಾಗನ್ನಿನಲ್ಲೂ ಇಲ್ಲವೆಂಬುದು ತಯಾರಕನ ವಿವರಣೆ. ಒಪ್ಪಲಾಗದು. ಐದು ಅಂಕ ಕಡಿತ. ನಾಳೆಯೊಳಗೆ ಸರಿಪಡಿಸಿದಲ್ಲಿ ಮರುಪರಿಶೀಲಿಸಲಾಗುವುದು.' ಮೇಲೆ ವ್ಯಾಗನ್ನಿನ ನಂಬರು. ಕೆಳಗೆ ಸಹಿ, ತಾರೀಕು, ಆಗಸ್ಟ್ ೧೭. ಅಳಿಯ ಹೋದದ್ದು ನವೆಂಬರ್ ೯.

ಈಗ ನನ್ನದು ಕೇಳು. ನಾಲ್ಕು ವರ್ಷದಿಂದ ನನಗೆ ಎರಡನೇ ಬಹುಮಾನ. ಮೊದಲನೆಯದು ಆ ಅಂಟಿನ ಡಾಕ್ಟರಿಗೆ. ಐದು ಅಂಕ ಹೋದರೆ ಐದನೇ ವರ್ಷವೂ ಅಷ್ಟೇ. ಮರುದಿನ ಬೆಳಿಗ್ಗೆ ಬೆಂಚಿಗೆ ಕೂತೆ. ಎಂಟು ಮಿಲಿಮೀಟರಿನ ಹಿತ್ತಾಳೆ ಪಟ್ಟಿ ಕತ್ತರಿಸಿದೆ. ಕೂದಲಿಗಿಂತ ತುಸು ದಪ್ಪದ ಬೈರಿಗೆಯಿಂದ ಐದು ತೂತು. ಎರಡು ಬೈರಿಗೆ ಮುರಿದವು. ಸಂಜೆ ನಾಲ್ಕಕ್ಕೆ ಮುಗಿಯಿತು. ಮೊದಲ ಬಹುಮಾನದ ಕಪ್ಪು ಸಿಕ್ಕಿತು. ಫೋಟೊ ತೆಗೆದರು.

ಕಪ್ಪು ಹಿಡಿದುಕೊಂಡು ಕೋಣೆಗೆ ಬಂದವನಿಗೆ ಆ ದೊಡ್ಡ ವ್ಯಾಗನ್ ಇನ್ನೂ ಓಡುತ್ತಿದೆ ಅನ್ನುವುದು ತಲೆಗೇ ಬರಲಿಲ್ಲ. ಹೇಳಿದ್ದೆನಲ್ಲ, ನನ್ನ ಕೆಲಸ ಮುಗಿಯಿತಲ್ಲ ಅಂತ ಆರಾಮಾಗಿದ್ದೆ. ಚಿಕ್ಕದನ್ನು ಸರಿಮಾಡಿ, ದೊಡ್ಡದೂ ಸರಿಯಾದ ಹಾಗೆ ನಿದ್ದೆ ಮಾಡಿದೆ. ಮೂರು ತಿಂಗಳು. ನಿಮಗೆ ಒಂದು ಕಾಗದ ಹಾಕಬಹುದಿತ್ತು, ಅಳಿಯನಿಗೆ ಅದರ ಹತ್ತಿರ ಹೋಗಬೇಡ ಅನ್ನಬಹುದಿತ್ತು. ಹಾಕಲಿಲ್ಲ. ಇದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಅಂಕಪಟ್ಟಿಯನ್ನು ಕಳಿಸುತ್ತೇನೆ. ಸಮಿತಿಗೆ ಕೊಡು. ಎಲ್ಲಿ ಸಿಕ್ಕಿತು ಅಂತ ಕೇಳಿದರೆ ಅಂಚೆಯಲ್ಲಿ ಬಂತು ಅನ್ನು. ನನ್ನ ಹೆಸರು ಬೇಡ. ಈ ವಯಸ್ಸಿನಲ್ಲಿ ಈ ಕೋಣೆ ಹೋದರೆ ಬೆಂಚು ಹೋಗುತ್ತದೆ. ಬೆಂಚು ಹೋದರೆ ನಾನು ಏನು ಅಂತ ನನಗೇ ಗೊತ್ತಿಲ್ಲ.

ಅಪ್ಪ


ಏಪ್ರಿಲ್ ೫

ಅಪ್ಪ,

ಓದಿದೆ. ಮೂರು ಸಲ. ಆಮೇಲೆ ಹೋಗಿ ಎರಡು ಬಿಂದಿಗೆ ನೀರು ತುಂಬಿದೆ, ಬಟ್ಟೆ ಒಗೆದೆ, ಮತ್ತೆ ಓದಿದೆ. ನೀವು ಅನ್ನುವುದನ್ನು ಬಿಟ್ಟಿದ್ದೇನೆ. ಆ ಮರ್ಯಾದೆಗೂ ನಿನಗೆ ಯೋಗ್ಯತೆ ಇಲ್ಲ.

ಹಾಳೆಯನ್ನು ಅಂಚೆಗೆ ಹಾಕಬೇಡ. ಯಾರೋ ಕಳಿಸಿದ ಹಾಳೆ ಅಂದರೆ, ನಾನೇ ಕೂತು ಬರೆದದ್ದು ಅಂತ ಬಿಳಿಗವಸು ಒಂದೇ ಉಸಿರಿಗೆ ಹೇಳುತ್ತಾನೆ. ಇದು ತನ್ನ ಅಕ್ಷರ ಅಲ್ಲ ಅನ್ನುತ್ತಾನೆ. ಸಮಿತಿ ತಲೆಯಾಡಿಸುತ್ತದೆ. ಆಮೇಲೆ ಬೋರ್ಡಿನ ಮೇಲೆ ನಾಲ್ಕನೇ ಸಾಲು ಬರುತ್ತದೆ, ಅದರಲ್ಲಿ ನನ್ನ ಹೆಸರೂ ಇರುತ್ತದೆ. ಹಾಳೆಗೆ ಬಾಯಿಲ್ಲ. ನಿನಗೆ ಇದೆ. ಅದನ್ನು ಹಿಡಿದುಕೊಂಡು ನೀನು ಬರಬೇಕು, ಆ ಪಟ್ಟಿಯನ್ನು ಯಾವ ದಿನ, ಯಾರ ಮಾತಿಗೆ, ಯಾವ ಆಸೆಗೆ ಅಂಟಿಸಿದೆ ಅಂತ ಅವನ ಮುಖ ನೋಡಿ ಹೇಳಬೇಕು. ಇಲ್ಲದಿದ್ದರೆ ಇಲ್ಲ.

ಸಂಘದವರು ಒಂದು ಕೆಲಸವನ್ನೂ ಮುಗಿಸುವುದಿಲ್ಲ ಅಂದೆಯಲ್ಲ. ಕೇಳು. ನಿನ್ನ ಕಾಗದ ಬರುವ ಮೊದಲೇ ನಾವು ಹನ್ನೊಂದು ಜನ ಸಾಲುಸಾಲಾಗಿ ನಿಂತಿದ್ದ ಅದೇ ಬಗೆಯ ಅರವತ್ಮೂರು ವ್ಯಾಗನ್ನುಗಳ ಎರಡೂ ಬದಿ ನೋಡಿಕೊಂಡು ಹೋದೆವು. ಹತ್ತೊಂಬತ್ತಕ್ಕೆ ಒಂದಲ್ಲ ಒಂದು ಕಡೆ ತೂತುಪಟ್ಟಿ ಇಲ್ಲ. ಹತ್ತೊಂಬತ್ತಕ್ಕೂ ಸುಣ್ಣದಿಂದ ಗುರುತು ಹಾಕಿ, ಇವನ್ನು ಕೂಡಿಸುವುದಿಲ್ಲ, ಬಿಡಿಸುವುದಿಲ್ಲ, ಹತ್ತಿರ ಹೋಗುವುದಿಲ್ಲ ಅಂತ ಬರೆದು ಕೊಟ್ಟೆವು. ಮೊದಲ ದಿನ ಬೈದರು. ಎರಡನೇ ದಿನ ಹೆದರಿಸಿದರು. ಮೂರನೇ ದಿನ ಸಾಮಾನು ಹೋಗಲಾರದೆ ರಾಶಿ ಬಿದ್ದಾಗ ಒಂದು ಲಾರಿಯಲ್ಲಿ ತೂತುಪಟ್ಟಿ ಬಂದವು. ಎರಡು ವರ್ಷದಿಂದ ಉಗ್ರಾಣದಲ್ಲಿ ಇಲ್ಲ ಇಲ್ಲ ಅಂದ ಕಬ್ಬಿಣ ಮೂರು ದಿನದಲ್ಲಿ ಹುಟ್ಟಿತು.

ಬೆಸೆಯಲು ಯಾರನ್ನು ಕರೆದರು ಗೊತ್ತಾ? ನನ್ನನ್ನು.

ಬೆಸೆಯುವ ಮೊದಲು ಒಂದೊಂದರ ಪಟ ತೆಗೆದು ಮೇಲ್ವಿಚಾರಕನ ಸಹಿ ಹಾಕಿಸಿಕೊಂಡೆವು. ಆಮೇಲೆ ಬೆಸೆದೆ. ಎಂಟು ಕೇಜಿ ತೂಕ, ನಾಲ್ಕು ಕಡೆ ಬೆಸುಗೆ. ಒಂದಕ್ಕೆ ಹನ್ನೊಂದು ನಿಮಿಷ. ಕುಳ್ಳ ಗಡಿಯಾರ ನೋಡಿ ಹೇಳಿದ. ನಿನಗೆ ಎಂಟು ಮಿಲಿಮೀಟರಿಗೆ ಒಂದು ಹಗಲು ಹಿಡಿಯಿತು. ನನ್ನ ಗಂಡನನ್ನು ಉಳಿಸಲು ಹನ್ನೊಂದು ನಿಮಿಷ ಸಾಕಾಗಿತ್ತು. ಮುಖವಾಡದೊಳಗೆ ಅತ್ತೆ. ಅದರೊಳಗೆ ಅತ್ತರೆ ಯಾರಿಗೂ ಕಾಣುವುದಿಲ್ಲ, ನಮ್ಮ ಕೆಲಸದ ಒಂದು ಅನುಕೂಲ.

ಈ ಹತ್ತೊಂಬತ್ತನ್ನು ಇಟ್ಟುಕೊಂಡು ಇನ್ನೊಂದು ವಿಚಾರಣೆ ಕೇಳಿದ್ದೇವೆ. ಕೊಡಲೇಬೇಕು, ಕೊಡುತ್ತಾರೆ. ಆದರೆ ಬಿಳಿಗವಸಿನ ಉತ್ತರ ಈಗಲೇ ತಯಾರಿದೆ: ಇವು ಹತ್ತೊಂಬತ್ತು, ಸರಿ, ಆ ಇನ್ನೊಂದರಲ್ಲಿ ಪಟ್ಟಿ ಇತ್ತು, ಅವಳ ಅಪ್ಪನ ಮಾದರಿಯೇ ಸಾಕ್ಷಿ. ಕುಳ್ಳನ ಆಣೆಯನ್ನು ಅವರು ಲೆಕ್ಕಕ್ಕಿಡುವುದಿಲ್ಲ, ಆ ಮಾದರಿ ಸುಳ್ಳು ಅಂತ ಹೇಳಬಲ್ಲವನು ನೀನೊಬ್ಬನೇ.

ಬೆಂಚು ಹೋದರೆ ನೀನು ಏನು ಅಂತ ಕೇಳಿದ್ದೀಯ. ಬೆಂಚು ಇದ್ದಾಗ ಏನಾಗಿದ್ದೆ ಅನ್ನುವುದನ್ನು ನೀನೇ ಬರೆದಿದ್ದೀಯ.

ಮಗಳು, ಸಂಘದ ಪರವಾಗಿ


ಏಪ್ರಿಲ್ ೧೯

ಮಗಳೇ,

ಸಾಹೇಬರು ನನ್ನ ಕೋಣೆಗೆ ಬಂದಿದ್ದರು. ಆರು ವರ್ಷದಲ್ಲಿ ಮೊದಲ ಸಲ. ಕೂರಲು ಜಾಗ ನೋಡಿದರು, ಇರುವುದು ಒಂದೇ ಸ್ಟೂಲು, ಅದರ ಮೇಲೆ ನಾನಿದ್ದೆ. ನಾನು ಏಳಲಿಲ್ಲ. ಏಳಬಾರದು ಅಂತೇನೂ ಅಂದುಕೊಂಡಿರಲಿಲ್ಲ, ಕಾಲೇ ಏಳಲಿಲ್ಲ.

ಹತ್ತೊಂಬತ್ತರ ಸುದ್ದಿ ಅವರಿಗೆ ಚುರುಕು ಮುಟ್ಟಿಸಿದೆ. ಹಳೆಯ ಅಂಕಪಟ್ಟಿಗಳೆಲ್ಲ ಕ್ಲಬ್ಬಿನ ದಾಖಲೆ, ಒಟ್ಟು ಮಾಡುತ್ತಿದ್ದೇವೆ, ನಿಮ್ಮ ಹತ್ತಿರ ಇರುವುದನ್ನು ಕೊಡಿ ಅಂದರು. ಹಾಲಿಗೆ ಇನ್ನೊಂದು ಗಾಜಿನ ಬೀರು ಬರುತ್ತದಂತೆ. ಅದರ ತುಂಬ ನನ್ನ ವ್ಯಾಗನ್ನುಗಳೇ, ಮೇಲೆ ಹಿತ್ತಾಳೆ ಫಲಕದಲ್ಲಿ ನನ್ನ ಹೆಸರು. ಅಕ್ಷರ ಹೇಗಿರಬೇಕು ಅಂತ ನನ್ನನ್ನೇ ಕೇಳಿದರು. ಮಗಳೇ, ಸುಳ್ಳು ಹೇಳುವುದಿಲ್ಲ. ಒಂದು ಗಳಿಗೆ ಅಕ್ಷರ ಹೇಗಿರಬೇಕು ಅಂತ ಯೋಚಿಸಿದೆ. ನಾನು ಅಷ್ಟು ನಾಚಿಕೆಗೆಟ್ಟವನು.

ಆಮೇಲೆ ಅವರ ಕೈ ನೋಡಿದೆ. ಬೆಂಚಿನ ಮೇಲೆ ಅರ್ಧ ಮುಗಿದ ಒಂದು ಪಕ್ಕೆ ಇತ್ತು. ಅದನ್ನು ಎತ್ತಿ ನೋಡಲು ಜೇಬಿನಿಂದ ಗವಸು ತೆಗೆದು ಹಾಕಿಕೊಳ್ಳುತ್ತಿದ್ದರು. ಬೆರಳು ಬೆರಳಾಗಿ, ನಿಧಾನಕ್ಕೆ.

"ಅದು ನನ್ನ ತಪ್ಪಿನ ಪಟ್ಟಿ ಸಾರ್," ಅಂದೆ. "ನನ್ನ ತಪ್ಪು ನನ್ನ ಹತ್ತಿರಾನೇ ಇರ್ಲಿ."

ಅವರಿಗೆ ಅರ್ಥವಾಯಿತು. ಗವಸು ತೆಗೆದು ಜೇಬಿಗೆ ಹಾಕಿಕೊಂಡರು. ಕೋಣೆ ತಿಂಗಳ ಕೊನೆಗೆ ಬೇಕಾಗುತ್ತದೆ, ಸ್ವಲ್ಪ ಸುಣ್ಣಬಣ್ಣ ಮಾಡಿಸಬೇಕು ಅಂದರು. ನಲವತ್ತೆರಡು ವ್ಯಾಗನ್ನುಗಳು ಕ್ಲಬ್ಬಿನ ಸೊತ್ತು, ಯಾವುದೋ ಕಾಗದಕ್ಕೆ ನಾನೇ ಸಹಿ ಹಾಕಿದ್ದೇನಂತೆ. ಹಾಕಿರಬಹುದು. ಓದದೆ ಸಹಿ ಹಾಕುವುದರಲ್ಲೂ ನನಗೆ ಮೂವತ್ತನಾಲ್ಕು ವರ್ಷದ ಅನುಭವವಿದೆ. ಅರ, ಚಿಮಟ, ಬೈರಿಗೆ ನನ್ನವು. ಒಂದು ಚೀಲಕ್ಕೆ ಹಿಡಿದವು.

ಹಾಳೆಯನ್ನು ಬನಿಯನ್ನಿನೊಳಗೆ ಇಟ್ಟುಕೊಂಡಿದ್ದೇನೆ. ಸ್ನಾನಕ್ಕೆ ಹೋದರೂ ಕಿಟಕಿಯ ಮೇಲೆ ಕಣ್ಣೆದುರಿಗೇ ಇಡುತ್ತೇನೆ. ಅಳತೆ ಪುಸ್ತಕವೂ ಇದೆ.

ಬರುತ್ತೇನೆ. ಆದರೆ ಭಯ ಬೇರೆ ಇದೆ. ಅಂಥವರ ಎದುರು ನಿಂತರೆ ನನ್ನ ನಾಲಿಗೆ ಸರಿ ಸಾರ್, ಆಯ್ತು ಸಾರ್ ಅನ್ನುವುದನ್ನು ಬಿಟ್ಟು ಬೇರೆ ಕಲಿತಿಲ್ಲ. ಅವರು ಜೋರಾಗಿ ಒಂದು ಮಾತು ಅಂದರೆ, ಹೌದು ಸಾರ್, ಪಟ್ಟಿ ಇತ್ತು ಸಾರ್ ಅಂತ ನಾನೇ ಹೇಳಿಬಿಟ್ಟರೆ? ಏನು ಹೇಳಬೇಕು, ಯಾವುದು ಮೊದಲು, ಯಾವುದು ಆಮೇಲೆ, ಬರೆದು ಕಳಿಸು. ಬಾಯಿಪಾಠ ಮಾಡುತ್ತೇನೆ.

ಎಲ್ಲಿ ಇಳಿದುಕೊಳ್ಳುವುದು ಅಂತ ಗೊತ್ತಾಗಿಲ್ಲ. ಅದು ನಿನ್ನ ತಲೆನೋವಲ್ಲ.

ಅಪ್ಪ


ಏಪ್ರಿಲ್ ೨೩

ಅಪ್ಪ,

ಬಾಯಿಪಾಠ ಮಾಡಬೇಡ. ಬಾಯಿಪಾಠ ಮಾಡಿದ ಸಾಕ್ಷಿಯನ್ನು ಅವರು ಎರಡೇ ಪ್ರಶ್ನೆಯಲ್ಲಿ ಸುಲಿದು ಹಾಕುತ್ತಾರೆ. ಕ್ರಮ ಇಷ್ಟು.

ಮೊದಲು ನಿನ್ನ ತಪ್ಪು ಹೇಳು. ಪಟ್ಟಿ ಅಂಟಿಸಿದ್ದು, ಕಪ್ಪಿಗಾಗಿ ಅಂಟಿಸಿದ್ದು, ಮೂರು ತಿಂಗಳು ಸುಮ್ಮನಿದ್ದದ್ದು. ಏನನ್ನೂ ಕಡಿಮೆ ಮಾಡಬೇಡ. ನೀನು ಮುಚ್ಚಿಟ್ಟದ್ದನ್ನು ಅವನು ಎತ್ತಿ ತೋರಿಸಿದರೆ ನಾವು ಸತ್ತೆವು. ನೀನೇ ಹೇಳಿಬಿಟ್ಟರೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆಮೇಲೆ ಅಳತೆ ಪುಸ್ತಕ. ಕೊನೆಗೆ ಅಂಕಪಟ್ಟಿ. ಅದನ್ನು ಕೈಯಿಂದ ಬಿಡಬೇಡ, ಸಮಿತಿಯ ಮೂವರೂ ನೀನು ಹಿಡಿದುಕೊಂಡ ಹಾಗೆಯೇ ಓದಲಿ. ಸಹಿ ಯಾರದು ಅಂತ ನೀನು ಹೇಳಬೇಡ, ಅವನನ್ನೇ ಕೇಳಲಿ. ನಾಲಿಗೆ ಸಾರ್ ಅಂದರೆ ಅನ್ನಲಿ, ಅದೊಂದು ಚಟ. ಸಾರ್ ಅಂದ ಮೇಲೆ ನಿಜ ಹೇಳಿದರೆ ಸಾಕು. ಪಟ್ಟಿ ಇರ್ಲಿಲ್ಲ ಸಾರ್. ಇಷ್ಟೇ ಮಾತು. ಮಗು ಕೂಡ ಹೇಳುತ್ತದೆ.

ಅವನು ನಗಬಹುದು. ಆಗಸ್ಟಿನಲ್ಲಿ ನಕ್ಕ ಹಾಗೆ. ಆ ಸಲ ಹಾಲಿನ ತುಂಬ ಅವನ ಜನ ಇದ್ದರು. ಈ ಸಲ ನಿನ್ನ ಬೆನ್ನ ಹಿಂದೆ ಎರಡು ಪಾಳಿಯವರೂ ನಿಂತಿರುತ್ತಾರೆ. ಬಾಗಿಲು ತೆರೆದೇ ವಿಚಾರಣೆ ನಡೆಯಬೇಕು ಅಂತ ಅವರಿಂದ ಬರೆಸಿಕೊಂಡಿದ್ದೇವೆ. ಕೊಟ್ಟ ಮಾತಲ್ಲ, ಕಾಗದ. ಮಾತಿನ ರುಚಿ ನೋಡಿ ಆಗಿದೆ.

ನನ್ನ ಹತ್ತಿರ ಕ್ಷಮೆ ಕೇಳಲು ಬರುವುದಾದರೆ ಬರಲೇಬೇಡ. ಕ್ಷಮಿಸುವ ಮನಸ್ಸು ಇದೆಯೋ ಇಲ್ಲವೋ ನೋಡಿಕೊಳ್ಳಲು ನನಗೆ ಪುರಸೊತ್ತಿಲ್ಲ. ಆ ಮೂರು ಸಾಲು ಕೆಳಗಿಳಿಯಲಿ. ಆಮೇಲೆ ನೀನು ಮತ್ತು ನಾನು ಜಗಳ ಆಡೋಣ, ಕೂತುಕೊಂಡು, ಎಷ್ಟು ದಿನ ಬೇಕಾದರೂ.

ಎಲ್ಲಿ ಇಳಿದುಕೊಳ್ಳುವುದು ಅಂತ ನನಗೆ ಬರೆಯಲು ನಿನಗೆ ನಾಚಿಕೆಯಾಗಬೇಕು. ವಿಚಾರಣೆಯ ಹಿಂದಿನ ದಿನವೇ ಮನೆಗೆ ಬಾ.

ಮಗಳು

ಕುಳ್ಳ ಪಕ್ಕದಲ್ಲಿ ನಿಂತು, ಅಕ್ಕ ವಿಚಾರಣೆ ಎಲ್ಲಿ, ಯಾವತ್ತು ಅಂತ ಬರೀಲೇ ಇಲ್ವಲ್ಲ ಅಂತ ಪೀಡಿಸುತ್ತಿದ್ದಾನೆ. ಬರೆಯುತ್ತೇನೆ. ಆಡಳಿತ ಕಚೇರಿ, ಎರಡನೇ ಮಹಡಿ, ಕೊನೆಯ ಕೋಣೆ. ಏಪ್ರಿಲ್ ೨೯, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ.